ಉಬ್ಬಸ, ಸ್ಟೀರಾಯ್ಡ್ ಮಾತ್ರೆ ಮತ್ತು ನಮ್ಮ ವಿಶ್ವಾಸ



ಕಾಯಿಲೆಯವರ ಮನೆಗಳಿಗೆ ಪರಮಪ್ರಸಾದ ಕೊಂಡೊಯ್ಯುವ ಗುರುಗಳಿಗೆ ಪದೇ ಪದೇ ಎದುರಾಗುವ ಒಂದು ಪ್ರಶ್ನೆಯಿದೆ. "ಸ್ವಾಮಿ, ಡಾಕ್ಟರು ಸ್ಟೀರಾಯ್ಡ್ ಬರೆದುಕೊಟ್ಟಿದ್ದಾರೆ. ಒಂದು ಸಲ ಶುರು ಮಾಡಿದರೆ ಬಿಡುವ ಹಾಗಿಲ್ಲವಂತೆ, ಮೂಳೆ ಪುಡಿಯಾಗುತ್ತದಂತೆ. ತೆಗೆದುಕೊಳ್ಳಲೋ ಬೇಡವೋ?" ಹೀಗೆ ಕೇಳುವವರು ಹೆಚ್ಚಾಗಿ ವರ್ಷಗಟ್ಟಲೆ ಉಬ್ಬಸದಿಂದ ನರಳಿದವರು, ಇಲ್ಲವೇ ಉಬ್ಬಸವಿರುವ ಮಕ್ಕಳ ತಾಯಂದಿರು. ಅದರ ಬೆನ್ನಿಗೇ, ಸ್ವಲ್ಪ ತಗ್ಗಿದ ದನಿಯಲ್ಲಿ, ಎರಡನೆಯ ಪ್ರಶ್ನೆ ಬರುತ್ತದೆ. "ದಿನಾ ಔಷಧಿ ನುಂಗುವುದೆಂದರೆ ದೇವರ ಮೇಲೆ ನಂಬಿಕೆ ಸಾಲದು ಎಂದ ಹಾಗಲ್ಲವೇ?"

ಮೊದಲನೆಯ ಪ್ರಶ್ನೆಗೆ ಉತ್ತರಿಸಬೇಕಾದವರು ವೈದ್ಯರು. ಎರಡನೆಯದಕ್ಕೆ ಉತ್ತರಿಸುವುದು ಗುರುವಿನ ಕರ್ತವ್ಯ. ಆದರೆ ಈ ಎರಡೂ ಪ್ರಶ್ನೆಗಳಿಗೆ ಗಂಟು ಬಿದ್ದಿದೆ. ಎರಡನೆಯದಕ್ಕೆ ತಪ್ಪು ಉತ್ತರ ಕಂಡುಕೊಂಡವರು ಮೊದಲನೆಯದರಲ್ಲಿಯೂ ಎಡವುತ್ತಾರೆ. ಕೆಲವೊಮ್ಮೆ ಪ್ರಾಣವನ್ನೇ ಕಳೆದುಕೊಳ್ಳುತ್ತಾರೆ. ಆದ್ದರಿಂದ ಈ ವಾರ ಇವೆರಡನ್ನೂ ಒಟ್ಟಿಗೆ ಇಟ್ಟುಕೊಂಡು ಯೋಚಿಸೋಣ.

ಉಸಿರೆಂಬ ವರ

ಆದಿಕಾಂಡದ ಎರಡನೆಯ ಅಧ್ಯಾಯದಲ್ಲಿ ದೇವರು ಮಣ್ಣಿನಿಂದ ಮನುಷ್ಯನನ್ನು ರೂಪಿಸಿ ಅವನ ಮೂಗಿನಲ್ಲಿ ಜೀವಶ್ವಾಸ ಊದಿದರೆಂದು ಓದುತ್ತೇವೆ. ಪುನರುತ್ಥಾನದ ಸಂಜೆ ಪ್ರಭು ಯೇಸು ಶಿಷ್ಯರ ಮೇಲೆ ಉಸಿರೂದಿ ಪವಿತ್ರಾತ್ಮರನ್ನು ಅನುಗ್ರಹಿಸಿದರು. ಉಸಿರು ನಮಗೆ ಕೇಳದೆಯೇ ಸಿಕ್ಕ ವರ. ಸಿಗುತ್ತಿರುವ ತನಕ ಅದರ ನೆನಪೂ ನಮಗಿರುವುದಿಲ್ಲ. ಅದರ ಬೆಲೆ ತಿಳಿದವರು ಉಬ್ಬಸದವರು. ರಾತ್ರಿ ಎರಡು ಗಂಟೆಗೆ ಎದ್ದು, ಕಿಟಕಿಯ ಸರಳು ಹಿಡಿದು, ಭುಜ ಮೇಲೆತ್ತಿ, ಒಂದೊಂದು ಉಸಿರನ್ನೂ ಎಳೆದು ತರುವವರಿಗೆ ಆ ಬೆಲೆ ಗೊತ್ತು.

ಉಬ್ಬಸದಲ್ಲಿ ಆಗುವುದೇನು? ಶ್ವಾಸನಾಳಗಳ ಒಳಗೋಡೆ ಸದಾ ಕೆರಳಿ ಬಾತುಕೊಂಡಿರುತ್ತದೆ. ಧೂಳು, ಹೊಗೆ, ತಣ್ಣನೆಯ ಗಾಳಿ, ಹೂವಿನ ಪರಾಗ, ನೆಗಡಿ ಹೀಗೆ ಯಾವುದಾದರೊಂದು ತಗುಲಿದೊಡನೆ ನಾಳದ ಸುತ್ತಲಿನ ಸ್ನಾಯು ಬಿಗಿಯುತ್ತದೆ, ಕಫ ತುಂಬುತ್ತದೆ, ದಾರಿ ಕಿರಿದಾಗುತ್ತದೆ. ಬಿಗಿತ ಹೊರಗೆ ಕಾಣುತ್ತದೆ. ಉರಿಯೂತ ಒಳಗೇ ಇರುತ್ತದೆ. ತಕ್ಷಣ ಆರಾಮ ಕೊಡುವ ಪಂಪು ಬಿಗಿತವನ್ನು ಸಡಿಲಿಸುತ್ತದೆಯೇ ಹೊರತು ಉರಿಯೂತವನ್ನು ಆರಿಸುವುದಿಲ್ಲ. ಅದನ್ನು ಆರಿಸುವುದು ಸ್ಟೀರಾಯ್ಡ್. ನಮ್ಮ ಜನ ಹೆದರುವ ಔಷಧವೇ ಕಾಯಿಲೆಯ ಬೇರಿಗೆ ಹೋಗುವ ಔಷಧ. ಈ ಮಾತನ್ನು ಮೊದಲೇ ಮನಸ್ಸಿಗೆ ತಂದುಕೊಳ್ಳಬೇಕು.

ಇದು ಎಲ್ಲೋ ದೂರದವರ ಕಾಯಿಲೆಯೂ ಅಲ್ಲ. ಬೆಂಗಳೂರಿನ ಮಕ್ಕಳ ತಜ್ಞ ಡಾ. ಎಚ್. ಪರಮೇಶ್ ಅವರು ತಮ್ಮ ಆಸ್ಪತ್ರೆಗೆ ಬಂದ ಮಕ್ಕಳನ್ನು ಇಪ್ಪತ್ತು ವರ್ಷ ಗಮನಿಸಿದರು. 1979ರಲ್ಲಿ ನೂರಕ್ಕೆ 9 ಮಕ್ಕಳಲ್ಲಿ ಉಬ್ಬಸವಿತ್ತು. 1999ರ ಹೊತ್ತಿಗೆ ಅದು ನೂರಕ್ಕೆ 29.5ಕ್ಕೆ ಏರಿತ್ತು. ನಮ್ಮ ಧರ್ಮೋಪದೇಶ ತರಗತಿಗಳಲ್ಲಿ ಕೂರುವ ಮಕ್ಕಳನ್ನು ಎಣಿಸಿದರೆ ಈ ಮಾತು ಅರ್ಥವಾಗುತ್ತದೆ.

ಗವಿಯ ಮುಂದೆ ಮೊಣಕಾಲೂರಿದ ಉಬ್ಬಸದ ಹುಡುಗಿ

ಲೂರ್ದು ಮಾತೆಯ ಗವಿಯಿಲ್ಲದ ಧರ್ಮಕೇಂದ್ರ ನಮ್ಮಲ್ಲಿ ಅಪರೂಪ. ಆ ಗವಿಯ ಮುಂದೆ ಮೊಣಕಾಲೂರಿರುವ ಹುಡುಗಿಯ ಪ್ರತಿಮೆಯನ್ನು ನೀವೆಲ್ಲ ನೋಡಿದ್ದೀರಿ. ಸಂತ ಬರ್ನದೆತ್ ಉಬ್ಬಸದ ರೋಗಿಯಾಗಿದ್ದರು ಎಂಬುದು ಎಷ್ಟು ಜನಕ್ಕೆ ಗೊತ್ತು?

1844ರಲ್ಲಿ ಹುಟ್ಟಿದ ಬರ್ನದೆತ್‌ಗೆ 1855ರಲ್ಲಿ ಕಾಲರಾ ತಗುಲಿತು. ಬದುಕಿಕೊಂಡರೂ ಉಬ್ಬಸ ಅವರನ್ನು ಬಿಡಲಿಲ್ಲ. ಬಡತನದಿಂದ ಮನೆ ಕಳೆದುಕೊಂಡ ಕುಟುಂಬ ಹಳೆಯ ಸೆರೆಮನೆಯ ತೇವದ ಕೋಣೆಯೊಂದರಲ್ಲಿ ವಾಸವಾಗಿತ್ತು. 1858ರ ಫೆಬ್ರವರಿ 11ರಂದು ಸೌದೆ ತರಲು ಹೊರಟಾಗ, ಚಳಿಗೆ ಉಬ್ಬಸ ಕೆರಳೀತೆಂದು ತಾಯಿ ಕಳುಹಿಸಲು ಹಿಂಜರಿದರು. ಕಾಲುಚೀಲ ಹಾಕಿಸಿ ಕಳುಹಿಸಿದರು. ಜೊತೆಯವರು ತಣ್ಣನೆಯ ಕಾಲುವೆಯನ್ನು ದಾಟಿ ಹೋದರು. ಬರ್ನದೆತ್ ಹಿಂದುಳಿದು ಕಾಲುಚೀಲ ತೆಗೆಯುತ್ತಿದ್ದಾಗ ಗಾಳಿಯ ಸದ್ದು ಕೇಳಿ ತಲೆಯೆತ್ತಿದರು. ಮೊದಲ ದರ್ಶನವಾದದ್ದು ಆಗ.

ಇನ್ನು ಮುಂದಿನದನ್ನು ಗಮನಿಸಿ. ಫೆಬ್ರವರಿ 25ರಂದು ಮಾತೆಯ ಮಾತಿನಂತೆ ನೆಲ ಕೆದಕಿ ಬುಗ್ಗೆಯನ್ನು ತೋರಿಸಿದವರು ಬರ್ನದೆತ್. ಆ ನೀರಿನಿಂದ ಗುಣ ಹೊಂದಿದವರಿದ್ದಾರೆ. ಆದರೆ ಅವರ ಉಬ್ಬಸ ಗುಣವಾಗಲಿಲ್ಲ. 1866ರಲ್ಲಿ ನೆವೆರ್‌ನ ಕನ್ಯಾಮಠ ಸೇರಿ, ಅಲ್ಲಿಯ ರೋಗಿಗಳ ಕೋಣೆಯಲ್ಲಿ ಸೇವೆ ಮಾಡುತ್ತಾ, ತಾವೂ ಪದೇ ಪದೇ ಅಲ್ಲಿ ಮಲಗುತ್ತಾ, ಕೊನೆಗೆ ಕ್ಷಯರೋಗದಿಂದ 1879ರ ಏಪ್ರಿಲ್ 16ರಂದು 35ನೆಯ ವಯಸ್ಸಿನಲ್ಲಿ ತೀರಿಕೊಂಡರು. ಅವರ ನಂಬಿಕೆಯಲ್ಲಿ ಕೊರತೆಯಿತ್ತೆಂದು ಯಾರಾದರೂ ಹೇಳಲು ಸಾಧ್ಯವೇ? ಧರ್ಮಸಭೆ 1933ರಲ್ಲಿ ಅವರನ್ನು ಸಂತರೆಂದು ಘೋಷಿಸಿತು.

ಅವರು ಔಷಧ ಬೇಡವೆಂದವರೂ ಅಲ್ಲ. ಅಂದಿನ ವೈದ್ಯರು ಉಬ್ಬಸಕ್ಕೆಂದು ನಶ್ಯ ಹೇಳಿದ್ದರು. ಬರ್ನದೆತ್ ಕನ್ಯಾಮಠದಲ್ಲಿಯೂ ಸಂಕೋಚವಿಲ್ಲದೆ ನಶ್ಯದ ಡಬ್ಬಿ ಇಟ್ಟುಕೊಂಡಿದ್ದರು. ಇಂದು ಹೊಗೆಸೊಪ್ಪು ಉಬ್ಬಸಕ್ಕೆ ಶತ್ರುವೆಂದು ನಮಗೆ ಗೊತ್ತು. ಆ ಚಿಕಿತ್ಸೆಯನ್ನು ಯಾರೂ ಅನುಸರಿಸಬಾರದು. ಅನುಸರಿಸಬೇಕಾದದ್ದು ಅವರ ಮನೋಭಾವವನ್ನು. ದೇವಮಾತೆಯನ್ನು ಕಣ್ಣಾರೆ ಕಂಡವರು ವೈದ್ಯರ ಮಾತನ್ನು ಕೀಳಾಗಿ ಕಾಣಲಿಲ್ಲ.

ಲೂರ್ದಿನಲ್ಲಿ 1883ರಿಂದ ವೈದ್ಯರ ಕಚೇರಿಯೊಂದಿದೆ. ಗುಣವಾಯಿತೆಂದು ಹೇಳಿಕೊಂಡು ಬಂದವರನ್ನೆಲ್ಲ ಅಲ್ಲಿ ವೈದ್ಯರು ಪರೀಕ್ಷಿಸುತ್ತಾರೆ. ಸಾವಿರಾರು ಮಂದಿ ಹೇಳಿಕೊಂಡರೂ ಧರ್ಮಸಭೆ ಇಂದಿನವರೆಗೆ ಪವಾಡವೆಂದು ಒಪ್ಪಿರುವುದು ಎಪ್ಪತ್ತಕ್ಕಿಂತ ತುಸು ಹೆಚ್ಚು ಪ್ರಕರಣಗಳನ್ನು ಮಾತ್ರ. ಪವಾಡವನ್ನು ಕೂಡ ವೈದ್ಯರ ಮುಂದೆ ಇಡುವ ಧರ್ಮಸಭೆ, ವೈದ್ಯರನ್ನು ಬಿಟ್ಟು ಪವಾಡಕ್ಕೆ ಕಾಯಿರಿ ಎಂದು ಹೇಳುವುದುಂಟೇ?

ನಂಬಿಕೆಯೋ, ಪರೀಕ್ಷಿಸುವುದೋ?

ಸಿರಾಖನ ಗ್ರಂಥದ 38ನೆಯ ಅಧ್ಯಾಯವನ್ನು ಇಂದು ರಾತ್ರಿ ಮನೆಯಲ್ಲಿ ಓದಿ. ವೈದ್ಯನನ್ನು ಸೃಷ್ಟಿಸಿದವರೂ, ಮಣ್ಣಿನಿಂದ ಮದ್ದನ್ನು ಹುಟ್ಟಿಸಿದವರೂ ದೇವರೇ ಎಂದು ಅಲ್ಲಿದೆ. ರೋಗಿ ಮೊದಲು ಪ್ರಾರ್ಥಿಸಲಿ, ಆಮೇಲೆ ವೈದ್ಯನಿಗೂ ಸ್ಥಳ ಕೊಡಲಿ ಎಂಬುದು ಅಲ್ಲಿಯ ಕ್ರಮ. ಎರಡರಲ್ಲಿ ಒಂದನ್ನು ಆರಿಸಿಕೋ ಎಂದು ಹೇಳಿಲ್ಲ. ಸಂತ ಪೌಲರು ತಿಮೊಥೇಯನ ಹೊಟ್ಟೆನೋವಿಗೆ ಮನೆಮದ್ದು ಸೂಚಿಸಿದರು. ಅವರ ಜೊತೆಗಾರ ಲೂಕ ವೈದ್ಯರಾಗಿದ್ದರು.

ಸೈತಾನನು ಯೇಸುವನ್ನು ದೇವಾಲಯದ ಶಿಖರಕ್ಕೆ ಕರೆದೊಯ್ದು, ಕೆಳಗೆ ಹಾರು, ದೇವದೂತರು ಹಿಡಿದುಕೊಳ್ಳುತ್ತಾರೆ ಎಂದನಲ್ಲವೇ? ಇಳಿಯಲು ಮೆಟ್ಟಿಲುಗಳಿದ್ದವು. ಮೆಟ್ಟಿಲಿರುವಾಗ ಹಾರುವುದು ದೇವರಲ್ಲಿ ಭರವಸೆಯಿಡುವುದಲ್ಲ, ದೇವರನ್ನು ಪರೀಕ್ಷಿಸುವುದು ಎಂದು ಪ್ರಭು ತಿಳಿಸಿದರು. ಧ್ಯಾನಕೂಟದಲ್ಲಿ ಹುರುಪಿನಿಂದ ಇನ್ಹೇಲರ್ ಎಸೆದು ಬರುವವರು ಈ ಮಾತನ್ನು ನೆನಪಿಡಬೇಕು. ಪ್ರಾರ್ಥನೆಯ ನಂತರ ನಿಮಗೆ ನಿಜವಾಗಿ ಗುಣವಾಗಿದ್ದರೆ ವೈದ್ಯರ ಪರೀಕ್ಷೆಯಲ್ಲಿಯೂ ಅದು ಕಾಣಬೇಕು. ಅವರೇ ಔಷಧವನ್ನು ಕಡಿಮೆ ಮಾಡಲಿ.

ಮೃಗಶಿರಾ ಮಳೆ ಕೂಡುವ ದಿನ ಮೀನಿನ ಔಷಧಕ್ಕೆ ಹೈದರಾಬಾದಿಗೆ ಹೋಗುವವರಿಗೂ ಒಂದು ಮಾತು. ಅದು ಉಬ್ಬಸವನ್ನು ಗುಣಪಡಿಸುತ್ತದೆಂದು ವೈದ್ಯಶಾಸ್ತ್ರ ಕಂಡುಕೊಂಡಿಲ್ಲ. ಅಲ್ಲಿಂದ ಬಂದವರು ನಡೆಯುತ್ತಿರುವ ಔಷಧವನ್ನು ನಿಲ್ಲಿಸಿದರೆ ಅಪಾಯ ಅವರಿಗೇ. ಹೆಸರಿಲ್ಲದ ಪೊಟ್ಟಣದ ಪುಡಿಯಿಂದ ಎರಡೇ ದಿನದಲ್ಲಿ ಉಬ್ಬಸ ಮಾಯವಾದರೆ ಹಿಗ್ಗುವುದಕ್ಕಿಂತ ಅನುಮಾನಪಡುವುದು ಲೇಸು. ಇಂಥ ಪುಡಿಗಳಲ್ಲಿ ಸ್ಟೀರಾಯ್ಡನ್ನೇ ಬೆರೆಸಿದ್ದು ಎಷ್ಟೋ ಸಲ ಪತ್ತೆಯಾಗಿದೆ. ಸ್ಟೀರಾಯ್ಡಿಗೆ ಹೆದರಿ ಓಡಿದವರು ಅಳತೆಯಿಲ್ಲದ ಸ್ಟೀರಾಯ್ಡನ್ನೇ ನುಂಗುತ್ತಾರೆ!

ಎರಡು ಬಗೆಯ ಸ್ಟೀರಾಯ್ಡ್

ನಮ್ಮ ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಕುಳಿತಿರುವ ಅಡ್ರಿನಲ್ ಗ್ರಂಥಿಗಳು ದಿನವೂ ಕಾರ್ಟಿಸಾಲ್ ಎಂಬ ರಸವನ್ನು ತಯಾರಿಸುತ್ತವೆ. ಅದಕ್ಕೆ ಹತ್ತಿರದ ಕಾರ್ಟಿಸೋನ್ ಎಂಬುದನ್ನು 1948ರಲ್ಲಿ ಅಮೆರಿಕದ ವೈದ್ಯ ಫಿಲಿಪ್ ಹೆಂಚ್ ಅವರು ಕೀಲುವಾತದ ರೋಗಿಯೊಬ್ಬರಿಗೆ ಕೊಟ್ಟರು. ಹಾಸಿಗೆ ಹಿಡಿದವರು ಎದ್ದು ನಡೆದಾಡಿದರು. 1950ರಲ್ಲಿ ಹೆಂಚ್ ಮತ್ತು ಇನ್ನಿಬ್ಬರಿಗೆ ನೊಬೆಲ್ ಪ್ರಶಸ್ತಿ ಬಂತು. ಹೆಚ್ಚು ದಿನ ಕೊಟ್ಟರೆ ಹಾನಿಯಿದೆ ಎಂಬುದೂ ಬೇಗನೆ ತಿಳಿಯಿತು. ಸೇದುವ ಸ್ಟೀರಾಯ್ಡ್, ಅಂದರೆ ನೇರವಾಗಿ ಶ್ವಾಸನಾಳಕ್ಕೆ ಇಳಿಯುವ ಔಷಧ, 1972ರಲ್ಲಿ ಬ್ರಿಟನ್ನಿನಲ್ಲಿ ಬಳಕೆಗೆ ಬಂತು. ಉಬ್ಬಸದವರ ಬದುಕನ್ನು ಬದಲಿಸಿದ್ದು ಇದು.

ನಮ್ಮ ಮನೆಗಳಲ್ಲಿ ಈ ಎರಡಕ್ಕೂ ಒಂದೇ ಹೆಸರು, ಒಂದೇ ಭಯ. ಅಳತೆಯನ್ನು ನೋಡಿ. ಬುಡೆಸೊನೈಡ್ ಇನ್ಹೇಲರ್ ಸೇದುವ ದೊಡ್ಡವರಿಗೆ ಕಡಿಮೆ ಪ್ರಮಾಣವೆಂದರೆ ದಿನಕ್ಕೆ 200ರಿಂದ 400 ಮೈಕ್ರೋಗ್ರಾಂ. ಉಬ್ಬಸ ಜೋರಾದಾಗ ಐದಾರು ದಿನ ಕೊಡುವ ಪ್ರೆಡ್ನಿಸಲೋನ್ ಮಾತ್ರೆ ಸಾಮಾನ್ಯವಾಗಿ ದಿನಕ್ಕೆ 40 ಮಿಲಿಗ್ರಾಂ, ಅಂದರೆ 40,000 ಮೈಕ್ರೋಗ್ರಾಂ. ಎರಡು ಔಷಧಗಳ ಶಕ್ತಿ ಬೇರೆ ಬೇರೆಯಾದ್ದರಿಂದ ಅಂಕಿಗಳನ್ನು ನೇರವಾಗಿ ಹೋಲಿಸಲಾಗದು. ಆದರೂ ಇನ್ಹೇಲರಿನಿಂದ ದೇಹದ ಇತರ ಭಾಗಗಳಿಗೆ ತಲಪುವುದು ಎಷ್ಟು ಅಲ್ಪವೆಂದು ಇದರಿಂದ ಊಹಿಸಬಹುದು. ಸೇದಿದ ಮೇಲೆ ಬಾಯಿ ಮುಕ್ಕಳಿಸಿ ಉಗುಳದಿದ್ದರೆ ಬಾಯಲ್ಲಿ ಬಿಳಿ ಅಗ್ರ ಬರಬಹುದು, ದನಿ ಒಡೆಯಬಹುದು. ಮಕ್ಕಳ ಎತ್ತರ ಒಂದು ಸೆಂಟಿಮೀಟರಿನಷ್ಟು ಕಡಿಮೆಯಾಗಬಹುದು. ಹೆಚ್ಚು ಪ್ರಮಾಣವನ್ನು ವರ್ಷಗಟ್ಟಲೆ ಸೇದುವವರ ಮೇಲೆ ವೈದ್ಯರು ಕಣ್ಣಿಟ್ಟಿರಬೇಕು.

ಇನ್ನೊಂದು ತಟ್ಟೆಯಲ್ಲಿ ಏನಿದೆ? ಕೆನಡಾದ ಸಸ್ಕಾಚೆವಾನ್ ಪ್ರಾಂತ್ಯದ ರೋಗಿಗಳ ದಾಖಲೆಗಳನ್ನು ಪರಿಶೀಲಿಸಿ 2000ದಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ವರ್ಷದಲ್ಲಿ ಬಳಸಿದ ಪ್ರತಿಯೊಂದು ಹೆಚ್ಚಿನ ಸ್ಟೀರಾಯ್ಡ್ ಇನ್ಹೇಲರಿಗೂ ಉಬ್ಬಸದಿಂದಾಗುವ ಸಾವು ನೂರಕ್ಕೆ 21ರಂತೆ ಇಳಿದಿತ್ತು. ನಿಲ್ಲಿಸಿದವರಲ್ಲಿ ಮೊದಲ ಮೂರು ತಿಂಗಳೊಳಗೆ ಸಾವು ಹೆಚ್ಚಿತ್ತು. "ಈಗ ಆರಾಮಾಗಿದೆ, ಪಂಪು ಯಾಕೆ" ಎನ್ನುವವರು ಇದನ್ನು ಎರಡು ಸಲ ಓದಿಕೊಳ್ಳಿ. 2019ರಿಂದ ಉಬ್ಬಸದ ಅಂತರರಾಷ್ಟ್ರೀಯ ಮಾರ್ಗಸೂಚಿಯೂ ಬದಲಾಗಿದೆ. ದೊಡ್ಡವರು ಮತ್ತು ಹದಿಹರೆಯದವರು ತಕ್ಷಣ ಆರಾಮ ಕೊಡುವ ಪಂಪನ್ನು ಮಾತ್ರ ನಂಬಿಕೊಂಡಿರಬಾರದು, ಅದರೊಂದಿಗೆ ಸೇದುವ ಸ್ಟೀರಾಯ್ಡೂ ಬೇಕು ಎಂದು ಅದು ಹೇಳುತ್ತದೆ.

ಮಾತ್ರೆಯ ಬೆಲೆ

ಉಬ್ಬಸದವರಲ್ಲಿ ಬಹುಪಾಲು ಜನರಿಗೆ ಸೇದುವ ಔಷಧವೇ ಸಾಕು. ಸರಿಯಾಗಿ, ಸಾಕಷ್ಟು ಸೇದಿಯೂ ಹತೋಟಿಗೆ ಬಾರದ ತೀವ್ರ ಉಬ್ಬಸದವರು ಸ್ವಲ್ಪ ಮಂದಿ. ದಿನವೂ ಮಾತ್ರೆ ನುಂಗುವ ಪ್ರಶ್ನೆ ಏಳುವುದು ಅವರಿಗೆ. ಇಲ್ಲಿ ಭಯಕ್ಕೆ ಕಾರಣವಿದೆ. ಅದನ್ನು ಮುಚ್ಚಿಡುವುದು ಸರಿಯಲ್ಲ. ದೀರ್ಘಕಾಲ ತೆಗೆದುಕೊಂಡರೆ ಮೂಳೆ ಸವೆಯುತ್ತದೆ, ಸಕ್ಕರೆ ಕಾಯಿಲೆ ಮತ್ತು ರಕ್ತದೊತ್ತಡ ಏರಬಹುದು, ಕಣ್ಣಿಗೆ ಪೊರೆ ಬರಬಹುದು, ಮುಖ ಊದಿ ತೂಕ ಹೆಚ್ಚಬಹುದು, ನಿದ್ದೆ ಕೆಟ್ಟು ಮನಸ್ಸು ಕದಡಬಹುದು. ಸೋಂಕು ಬೇಗ ತಗುಲುತ್ತದೆ. ನಮ್ಮ ನಾಡಿನಲ್ಲಿ ಅಡಗಿರುವ ಕ್ಷಯ ಮತ್ತೆ ತಲೆಯೆತ್ತುವ ಅಪಾಯವೂ ಇದೆ. ಐದಾರು ದಿನಗಳ ಚಿಕ್ಕ ಸರದಿಯಾದರೂ ಜೀವಮಾನದಲ್ಲಿ ನಾಲ್ಕೈದು ಸಲವಾದರೆ ಲೆಕ್ಕಕ್ಕೆ ಬರುತ್ತದೆಂದು ಈಚಿನ ಅಧ್ಯಯನಗಳು ತೋರಿಸಿವೆ. ಹಳೆಯ ಚೀಟಿ ಹಿಡಿದು ಔಷಧಿ ಅಂಗಡಿಗೆ ಹೋಗಿ ತಾವೇ ಮಾತ್ರೆ ತಂದು ನುಂಗುವವರು ಎಚ್ಚರವಹಿಸಬೇಕು.

ಅದಕ್ಕಿಂತ ದೊಡ್ಡ ಎಚ್ಚರ ಇನ್ನೊಂದಿದೆ. ಹೊರಗಿನಿಂದ ಸ್ಟೀರಾಯ್ಡ್ ಬರುತ್ತಿದ್ದರೆ ಅಡ್ರಿನಲ್ ಗ್ರಂಥಿಗಳು ತಮ್ಮ ಕೆಲಸ ನಿಲ್ಲಿಸಿ ನಿದ್ದೆಹೋಗುತ್ತವೆ. ಕೆಲವು ವಾರ ತೆಗೆದುಕೊಂಡು ಒಮ್ಮೆಲೇ ಬಿಟ್ಟರೆ ಅವು ತಟ್ಟನೆ ಎಚ್ಚರಗೊಳ್ಳುವುದಿಲ್ಲ. ರಕ್ತದೊತ್ತಡ ಕುಸಿದು ಜೀವಕ್ಕೇ ಅಪಾಯವಾಗಬಹುದು. "ಬಿಡುವ ಹಾಗಿಲ್ಲ" ಎಂಬ ಮಾತಿನ ನಿಜವಾದ ಅರ್ಥ ಇದು: ಒಮ್ಮೆಲೇ ಬಿಡುವ ಹಾಗಿಲ್ಲ. ವೈದ್ಯರ ಕೈಹಿಡಿದು ಮೆಲ್ಲಮೆಲ್ಲನೆ ಇಳಿಸಬಹುದು. ಹರಕೆಗೆಂದಾಗಲಿ, ತಪಸ್ಸುಕಾಲದ ತ್ಯಾಗವೆಂದಾಗಲಿ ಈ ಮಾತ್ರೆಯನ್ನು ನಿಲ್ಲಿಸಬಾರದು.

ತೂಗಿ ನೋಡುವುದು ಹೇಗೆ?

ಒಬ್ಬ ತಾಯಿಯನ್ನು ಕಲ್ಪಿಸಿಕೊಳ್ಳಿ. ಐವತ್ತು ದಾಟಿದವರು, ಹೊಲಿಗೆ ಕೆಲಸ ಮಾಡುವವರು. ವರ್ಷದಲ್ಲಿ ಎರಡು ಸಲ ಆಸ್ಪತ್ರೆ ಸೇರಿದ್ದಾರೆ. ವಾರದಲ್ಲಿ ಮೂರು ರಾತ್ರಿ ಕುಳಿತೇ ಬೆಳಗು ಮಾಡುತ್ತಾರೆ. ದಿನಕ್ಕೊಂದು ಚಿಕ್ಕ ಪ್ರಮಾಣದ ಮಾತ್ರೆ ಶುರು ಮಾಡೋಣವೆಂದು ವೈದ್ಯರು ಹೇಳಿದ್ದಾರೆ. ಗಂಡನಿಗೆ ಮೂಳೆಯ ಭಯ. ತಂಗಿ ಧ್ಯಾನಕೇಂದ್ರಕ್ಕೆ ಹೋಗೋಣ ಅಕ್ಕ ಎನ್ನುತ್ತಾಳೆ. ಮಗನಿಗೆ ಖರ್ಚಿನ ಚಿಂತೆ. ಈ ತಾಯಿ ಏನು ಮಾಡಬೇಕು?

ಸಂತ ತೋಮಸ್ ಅಕ್ವಿನಾಸರು ಆತ್ಮರಕ್ಷಣೆಯ ಪ್ರಶ್ನೆಯನ್ನು ಚರ್ಚಿಸುವಾಗ ಒಂದೇ ಕಾರ್ಯಕ್ಕೆ ಎರಡು ಪರಿಣಾಮಗಳು ಇರಬಹುದೆಂದು ತೋರಿಸಿದರು. ಆ ವಿಚಾರವನ್ನು ಮುಂದಿನ ನೀತಿಶಾಸ್ತ್ರಜ್ಞರು ಬೆಳೆಸಿದರು. ಕಾರ್ಯವು ತನ್ನಲ್ಲಿ ಕೆಟ್ಟದ್ದಾಗಿರಬಾರದು. ನಾವು ಬಯಸುವುದು ಒಳ್ಳೆಯ ಪರಿಣಾಮವನ್ನೇ ಆಗಿರಬೇಕು. ಕೆಟ್ಟದ್ದರ ಮೂಲಕ ಒಳ್ಳೆಯದನ್ನು ಪಡೆಯುವಂತಿರಬಾರದು. ಕೆಡುಕನ್ನು ಸಹಿಸಲು ಅದಕ್ಕೆ ತಕ್ಕ ಗಂಭೀರ ಕಾರಣವಿರಬೇಕು. ಸ್ಟೀರಾಯ್ಡಿಗೆ ಇದನ್ನು ಅನ್ವಯಿಸಿ. ಔಷಧ ನುಂಗುವುದು ಕೆಟ್ಟದ್ದಲ್ಲ. ಬಯಸುವುದು ಉಸಿರನ್ನು. ಮೂಳೆ ಸವೆಯುವುದರಿಂದ ಉಸಿರು ಬರುವುದಿಲ್ಲ. ಅದು ಜೊತೆಗೆ ಬರುವ ಕೆಡುಕು. ಉಳಿದದ್ದು ನಾಲ್ಕನೆಯದು: ಕಾರಣ ಸಾಕಷ್ಟು ಗಂಭೀರವೇ? ತೂಗಬೇಕಾದದ್ದು ಇದನ್ನೇ. ತೂಗುವ ಸದ್ಗುಣಕ್ಕೆ ವಿವೇಕವೆಂದು ಹೆಸರು. ಅದರಲ್ಲಿ ಮೂರು ಹೆಜ್ಜೆಗಳಿವೆ ಎನ್ನುತ್ತಾರೆ ಸಂತ ತೋಮಸರು: ವಿಚಾರಿಸುವುದು, ನಿರ್ಣಯಿಸುವುದು, ನಡೆಸುವುದು.

ಮೊದಲು ವಿಚಾರಿಸಬೇಕು. ಆ ತಾಯಿ ವೈದ್ಯರನ್ನು ಕೇಳಬೇಕಾದ ಪ್ರಶ್ನೆಗಳಿವೆ. ಇದು ಉಬ್ಬಸವೇ ಎಂದು ಉಸಿರಿನ ಪರೀಕ್ಷೆಯಿಂದ ಖಚಿತವಾಗಿದೆಯೇ? ನಾನು ಇನ್ಹೇಲರ್ ಸೇದುವ ರೀತಿ ಸರಿಯಿದೆಯೇ? ಇದನ್ನು ಬಾಯಲ್ಲಿ ಹೇಳದೆ ವೈದ್ಯರ ಮುಂದೆ ಸೇದಿ ತೋರಿಸಬೇಕು, ಏಕೆಂದರೆ ತಪ್ಪಾಗಿ ಸೇದುವವರು ಬಹಳ ಮಂದಿ. ಸ್ಪೇಸರ್ ಬಳಸಿದರೆ ಉಪಯೋಗವೇ? ಮೂಗಿನ ಸೈನಸ್ ಅಥವಾ ಎದೆಯುರಿ ಉಬ್ಬಸವನ್ನು ಕೆರಳಿಸುತ್ತಿದೆಯೇ? ಸೌದೆ ಒಲೆ, ಸೊಳ್ಳೆಬತ್ತಿ, ಬಟ್ಟೆಯ ಧೂಳು, ಗಂಡನ ಬೀಡಿ ಕಾರಣವೇ? ಮಾತ್ರೆಗೆ ಮೊದಲು ಬೇರೆ ಔಷಧವಿದೆಯೇ? ದಿನನಿತ್ಯದ ಮಾತ್ರೆ ಕಟ್ಟಕಡೆಯ ದಾರಿಯೆಂದೇ ಮಾರ್ಗಸೂಚಿಗಳೂ ಹೇಳುತ್ತವೆ. ಹೀಗೆ ಕೇಳುವುದು ವೈದ್ಯರಿಗೆ ಅಗೌರವವಲ್ಲ. ಕಲಿಯಲು ಸಿದ್ಧವಾದ ಮನಸ್ಸು ವಿವೇಕದ ಒಂದು ಅಂಗ.

ಎರಡನೆಯದು ನಿರ್ಣಯ. ಎಲ್ಲವನ್ನೂ ನೋಡಿದ ಮೇಲೂ ಮಾತ್ರೆಯೇ ಬೇಕೆಂದಾದರೆ, ಒಂದು ತಟ್ಟೆಯಲ್ಲಿ ಮುಂದೆಂದೋ ಬರಬಹುದಾದ, ಮುನ್ನೆಚ್ಚರಿಕೆಯಿಂದ ತಗ್ಗಿಸಬಹುದಾದ ಹಾನಿಯಿದೆ. ಇನ್ನೊಂದರಲ್ಲಿ ಈ ವಾರವೇ ಉಸಿರು ನಿಲ್ಲಬಹುದಾದ ಅಪಾಯವಿದೆ. ಅಂಥ ಸ್ಥಿತಿಯಲ್ಲಿ ಮಾತ್ರೆ ತೆಗೆದುಕೊಳ್ಳುವುದು ಬರೀ ಅನುಮತಿಯಿರುವ ಕಾರ್ಯವಲ್ಲ, ಜೀವವನ್ನು ಕೊಟ್ಟವರಿಗೆ ಸಲ್ಲಿಸುವ ಕೃತಜ್ಞತೆಯೂ ಹೌದು. ನಿರ್ಣಯ ಮಾಡಬೇಕಾದವರು ಆ ತಾಯಿಯೇ. ಗಂಡ, ತಂಗಿ, ಮಗ, ಗುರು ಎಲ್ಲರೂ ಸಲಹೆ ಕೊಡಬಹುದು. ಆದರೆ ಉಸಿರು ಅವರದು, ಮನಸ್ಸಾಕ್ಷಿಯೂ ಅವರದು.

ಮೂರನೆಯದು ನಡೆಸುವುದು. ಸಾಧ್ಯವಾದಷ್ಟು ಕಡಿಮೆ ಪ್ರಮಾಣ, ಸಾಧ್ಯವಾದಷ್ಟು ಕಡಿಮೆ ಕಾಲ. ದಿನಕ್ಕೆ 7.5 ಮಿಲಿಗ್ರಾಂ ಅಥವಾ ಅದಕ್ಕಿಂತ ಕಡಿಮೆಯಲ್ಲಿ ನಿಲ್ಲಿಸಲು ವೈದ್ಯರು ನೋಡುತ್ತಾರೆ. ಸೇದುವ ಔಷಧವನ್ನು ಬಿಡಬಾರದು. ಸಕ್ಕರೆ, ರಕ್ತದೊತ್ತಡ, ಕಣ್ಣು, ಮೂಳೆಯ ಸಾಂದ್ರತೆಯ ಪರೀಕ್ಷೆ ಆಗಾಗ ನಡೆಯಬೇಕು. ಸುಣ್ಣದಂಶ ಮತ್ತು ಡಿ ಜೀವಸತ್ವದ ಬಗ್ಗೆ ಕೇಳಬೇಕು. ಹಲ್ಲು ಕೀಳಿಸಲು ಹೋದರೂ "ನಾನು ಸ್ಟೀರಾಯ್ಡ್ ತೆಗೆದುಕೊಳ್ಳುತ್ತೇನೆ" ಎಂದು ಹೇಳಬೇಕು. ಹಾಗೆ ಬರೆದ ಚೀಟಿಯೊಂದು ಪರ್ಸಿನಲ್ಲಿ ಜಪಸರದ ಜೊತೆಗಿರಲಿ. ಮಾತು ಪೂರ್ತಿ ಮಾಡಲಾಗದಷ್ಟು ಏದುಸಿರು, ತುಟಿ ನೀಲಿಯಾಗುವುದು, ಪಂಪು ಸೇದಿದರೂ ಆರಾಮವಾಗದಿರುವುದು ಕಂಡರೆ ಪಂಪನ್ನು ಸೇದುತ್ತಲೇ ಕೂಡಲೇ ಆಸ್ಪತ್ರೆಗೆ ಹೊರಡಬೇಕು. ಬೆಳಗಾಗಲಿ ಎಂದು ಕಾಯಬಾರದು.

ದುಬಾರಿ ಚಿಕಿತ್ಸೆ ಮಾಡಿಸಲೇಬೇಕೇ?

ಈಗ ತೀವ್ರ ಉಬ್ಬಸಕ್ಕೆ ಹೊಸ ಚುಚ್ಚುಮದ್ದುಗಳಿವೆ. ಅಮೆರಿಕದಲ್ಲಿ ಒಮಾಲಿಜುಮಾಬ್ 2003ರಲ್ಲಿ, ಮೆಪೊಲಿಜುಮಾಬ್ 2015ರಲ್ಲಿ ಒಪ್ಪಿಗೆ ಪಡೆದವು. ರಕ್ತಪರೀಕ್ಷೆ ನೋಡಿ, ಹೊಂದುವವರಿಗೆ ಮಾತ್ರ ಕೊಡುತ್ತಾರೆ. ಹೊಂದಿದವರಲ್ಲಿ ಅನೇಕರು ಸ್ಟೀರಾಯ್ಡ್ ಮಾತ್ರೆಯನ್ನು ಇಳಿಸಲು, ಕೆಲವರು ಬಿಡಲು ಸಾಧ್ಯವಾಗಿದೆ. ಆದರೆ ಇವುಗಳ ಬೆಲೆ ಸಾಮಾನ್ಯ ಕುಟುಂಬದ ತಿಂಗಳ ದುಡಿಮೆಯನ್ನೇ ಮೀರಬಹುದು. ಮನೆ ಅಡವಿಟ್ಟಾದರೂ ಕೊಡಿಸದಿದ್ದರೆ ಪಾಪವೇ ಎಂದು ಮಕ್ಕಳು ಕೇಳುತ್ತಾರೆ.

ಧರ್ಮಸಭೆಯ ಉತ್ತರ ಹಳೆಯದು ಮತ್ತು ಮೃದುವಾದದ್ದು. ಹದಿನಾರನೆಯ ಶತಮಾನದಲ್ಲಿಯೇ ದೊಮಿನಿಕನ್ ಗುರು ಫ್ರಾನ್ಸಿಸ್ಕೊ ದೆ ವಿತೋರಿಯ ಅವರು, ಜೀವ ಉಳಿಸಿಕೊಳ್ಳಲು ಇರುವ ಎಲ್ಲ ಉಪಾಯಗಳನ್ನೂ ಬಳಸಲೇಬೇಕಾದ ಕಟ್ಟುಪಾಡು ಯಾರಿಗೂ ಇಲ್ಲವೆಂದು ಕಲಿಸಿದರು. 1957ರ ನವೆಂಬರ್ 24ರಂದು ಜಗದ್ಗುರು ಹನ್ನೆರಡನೇ ಪಿಯುಸರು ವೈದ್ಯರನ್ನುದ್ದೇಶಿಸಿ ಮಾತನಾಡುತ್ತಾ, ವ್ಯಕ್ತಿ, ಸ್ಥಳ, ಕಾಲಗಳಿಗೆ ತಕ್ಕ ಸಾಮಾನ್ಯ ಉಪಾಯಗಳನ್ನು ಬಳಸುವುದು ಕರ್ತವ್ಯ, ಅಸಾಮಾನ್ಯ ಹೊರೆಯಾಗುವವು ಕಡ್ಡಾಯವಲ್ಲ ಎಂದು ಸ್ಪಷ್ಟಪಡಿಸಿದರು. ಇದರ ಪ್ರಕಾರ ಇನ್ಹೇಲರ್ ಸಾಮಾನ್ಯ ಉಪಾಯ. ಕೈಗೆಟುಕುವಾಗ ಅದನ್ನು ಅಸಡ್ಡೆಯಿಂದ ಬಿಡುವುದು ಸರಿಯಲ್ಲ. ಮನೆಯನ್ನೇ ಮುಳುಗಿಸುವ ಚಿಕಿತ್ಸೆಯನ್ನು ಬೇಡವೆಂದರೆ ಅದು ಪಾಪವಲ್ಲ. ಹಾಗೆ ಬೇಡವೆಂದ ತಾಯಿಗಾಗಲಿ, ಕೊಡಿಸಲಾಗದ ಮಗನಿಗಾಗಲಿ ಯಾರೂ ತಪ್ಪು ಹೊರಿಸಬಾರದು. ಆದರೆ ಇನ್ಹೇಲರ್ ಕೊಳ್ಳಲೂ ಹಣವಿಲ್ಲದ ಮನೆ ನಮ್ಮ ಬೀದಿಯಲ್ಲಿದ್ದರೆ, ಅಲ್ಲಿ ಪ್ರಶ್ನೆ ಆ ಮನೆಯವರಿಗಲ್ಲ, ನಮಗೆ. ಸಂತ ವಿನ್ಸೆಂಟ್ ದೆ ಪೌಲ್ ಸಭೆಯವರು ಅಕ್ಕಿಯ ಜೊತೆಗೆ ಒಂದು ಇನ್ಹೇಲರಿನ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಬಹುದಲ್ಲವೇ?

ಸಂಸ್ಕಾರಗಳ ಬಲ

ಕೆಲವು ಸಂದೇಹಗಳನ್ನು ಇಲ್ಲಿಯೇ ಪರಿಹರಿಸುತ್ತೇನೆ. ಪರಮಪ್ರಸಾದಕ್ಕೆ ಮುಂಚಿನ ಒಂದು ಗಂಟೆಯ ಉಪವಾಸವನ್ನು ನೀರಾಗಲಿ ಔಷಧವಾಗಲಿ ಮುರಿಯುವುದಿಲ್ಲ. ಬಲಿಪೂಜೆಯ ನಡುವೆ ಇನ್ಹೇಲರ್ ಸೇದಲು ಸಂಕೋಚಪಡಬೇಡಿ. ವಿಭೂತಿ ಬುಧವಾರ, ಶುಭ ಶುಕ್ರವಾರಗಳ ಉಪವಾಸ ರೋಗಿಗಳಿಗೆ ಕಡ್ಡಾಯವಲ್ಲ. ವ್ಯಾಧಿಸ್ಥರ ಅಭ್ಯಂಗ ಸಂಸ್ಕಾರ ಕೊನೆಯುಸಿರಿಗೆ ಮೀಸಲಾದದ್ದಲ್ಲ. ತೀವ್ರ ಉಬ್ಬಸದಿಂದ ಜೀವಕ್ಕೆ ಅಪಾಯ ತಲೆದೋರಿದಾಗ ಅದನ್ನು ಪಡೆಯಬಹುದು. ಚೇತರಿಸಿಕೊಂಡು ಮತ್ತೆ ಹದಗೆಟ್ಟರೆ ಮತ್ತೆ ಪಡೆಯಬಹುದು. ಸಂತ ಬರ್ನದೆತ್ ಒಂದಕ್ಕಿಂತ ಹೆಚ್ಚು ಸಲ ಪಡೆದರು. ಗುರುಗಳನ್ನು ಕರೆದರೆ ರೋಗಿ ಹೆದರಿಯಾರೆಂದು ತಡಮಾಡಬೇಡಿ.

ಎಲ್ಲ ಔಷಧಗಳ ಆಚೆಗೂ ಉಳಿಯುವ ನೋವೊಂದಿದೆ. ಜಗದ್ಗುರು ಎರಡನೇ ಜಾನ್ ಪೌಲರು 1984ರ ಫೆಬ್ರವರಿ 11ರಂದು ಯಾತನೆಯ ಅರ್ಥದ ಕುರಿತು ಪ್ರೇಷಿತ ಪತ್ರ ಬರೆದರು. ಅದೇ ದಿನವನ್ನು 1993ರಿಂದ ವಿಶ್ವ ರೋಗಿಗಳ ದಿನವನ್ನಾಗಿ ಆಚರಿಸುತ್ತಿದ್ದೇವೆ. ತಪ್ಪಿಸಬಹುದಾದ ನೋವನ್ನು ತಪ್ಪಿಸಿ, ಉಳಿದದ್ದನ್ನು ಕ್ರಿಸ್ತರ ಶಿಲುಬೆಯೊಂದಿಗೆ ಸೇರಿಸಿ ಅರ್ಪಿಸುವುದು ಕ್ರೈಸ್ತರ ದಾರಿ. ಗೆತ್ಸೆಮನಿಯಲ್ಲಿ ಪ್ರಭು ಕೂಡ ಮೊದಲು ಆ ಪಾತ್ರೆಯನ್ನು ತೊಲಗಿಸಲು ಬೇಡಿದರು. ಶಿಲುಬೆಯ ಮೇಲೆ ತೂಗುವವರು ಒಂದೊಂದು ಉಸಿರಿಗೂ ಹೆಣಗಬೇಕಾಗಿತ್ತು. ರಾತ್ರಿ ಎರಡು ಗಂಟೆಗೆ ಕಿಟಕಿ ಹಿಡಿದು ನಿಂತವರ ಪಕ್ಕದಲ್ಲಿ ಅದನ್ನು ಬಲ್ಲ ಒಬ್ಬರು ನಿಂತಿದ್ದಾರೆ.

ಮನೆಯವರಿಗೆ ಮತ್ತು ಧರ್ಮಕೇಂದ್ರಕ್ಕೆ

ಮದುವೆಯ ಮಾತುಕತೆ ಮುರಿದೀತೆಂದು ಹೆಣ್ಣುಮಕ್ಕಳ ಇನ್ಹೇಲರನ್ನು ಬಚ್ಚಿಡಿಸುವ ಪದ್ಧತಿ ನಿಲ್ಲಬೇಕು. ಬಚ್ಚಿಟ್ಟ ಔಷಧ ಬೇಕಾದಾಗ ಕೈಗೆ ಸಿಗುವುದಿಲ್ಲ. ಸ್ಟೀರಾಯ್ಡಿನಿಂದ ಮುಖ ಊದಿದವರನ್ನು ನೋಡಿ "ದಪ್ಪಗಾಗಿದ್ದೀರಿ, ಆರೋಗ್ಯ ಚೆನ್ನಾಗಿದೆ" ಎನ್ನಬೇಡಿ. ಗುರುಗಳೂ ಪೀಠಸೇವಕರೂ ಸಾಂಬ್ರಾಣಿ ಧೂಪವನ್ನು ಹದವಾಗಿ ಹಾಕಲಿ. ಬಾಗಿಲ ಬಳಿಯ ಎರಡು ಬೆಂಚುಗಳನ್ನು ಉಬ್ಬಸದವರಿಗೆ ಬಿಡಲಿ. ತೇರಿನ ದಿನ ಪಟಾಕಿಯ ಹೊಗೆಯನ್ನು ಕಡಿಮೆ ಮಾಡಲಿ.

ಮನೆಯಲ್ಲಿ ಚರ್ಚಿಸಲು:
1. ನಮ್ಮ ಮನೆಯಲ್ಲಿ ಯಾರಾದರೂ ವೈದ್ಯರಿಗೆ ತಿಳಿಸದೆ ಔಷಧ ನಿಲ್ಲಿಸಿದ್ದಾರೆಯೇ? ಯಾಕೆ?
2. ಸಿರಾಖನ ಗ್ರಂಥದ 38ನೆಯ ಅಧ್ಯಾಯದಲ್ಲಿ ಪ್ರಾರ್ಥನೆಗೂ ವೈದ್ಯನಿಗೂ ಇರುವ ಸಂಬಂಧವೇನು?
3. ನಮ್ಮ ಬೀದಿಯಲ್ಲಿ ಉಬ್ಬಸದಿಂದ ನರಳುವವರು ಯಾರು? ಈ ವಾರ ಅವರಿಗಾಗಿ ನಾವು ಏನು ಮಾಡಬಹುದು?

ಪ್ರಾರ್ಥನೆ: ಜೀವಶ್ವಾಸದ ಒಡೆಯರಾದ ದೇವರೇ, ಉಸಿರಿಗಾಗಿ ಹೆಣಗುವ ನಿಮ್ಮ ಮಕ್ಕಳನ್ನು ಕರುಣೆಯಿಂದ ನೋಡಿರಿ. ಅವರ ವೈದ್ಯರಿಗೆ ಜ್ಞಾನವನ್ನೂ, ಮನೆಯವರಿಗೆ ತಾಳ್ಮೆಯನ್ನೂ, ಅವರಿಗೆ ತೂಗಿ ನೋಡುವ ವಿವೇಕವನ್ನೂ ಧೈರ್ಯವನ್ನೂ ದಯಪಾಲಿಸಿರಿ. ಲೂರ್ದು ಮಾತೆಯೇ, ಸಂತ ಬರ್ನದೆತ್ತರೇ, ನಮಗಾಗಿ ಪ್ರಾರ್ಥಿಸಿರಿ. ಆಮೆನ್.